ಸೊನ್ನೆ ಮುಚ್ಚಿರಲಿಲ್ಲ: ಆಟೋಕ್ಯಾಡ್‌ನಲ್ಲಿ ಬರೆದ ಒಂದು ಬೋರ್ಡಿನ ಪ್ರಕರಣ

2024ರ ಫೆಬ್ರವರಿ. ಬೆಂಗಳೂರಿನ ಅಂಗಡಿ ಬೋರ್ಡುಗಳಲ್ಲಿ 60% ಕನ್ನಡ ಇರಬೇಕು, ತಿಂಗಳ ಕೊನೆಯೊಳಗೆ ಬದಲಾಯಿಸಿ ಅಂತ ಪಾಲಿಕೆ ಹೇಳಿತ್ತು. ಪೀಣ್ಯದಲ್ಲಿ ನಾನು ಹೋಗಿ ಬರುವ ಲೇಸರ್ ಕಟಿಂಗ್ ಶೆಡ್‌ಗಳಲ್ಲೆಲ್ಲ ಹಗಲು ರಾತ್ರಿ ಕನ್ನಡ ಅಕ್ಷರಗಳದ್ದೇ ಕೆಲಸ. ಅಂಥ ಶೆಡ್‌ಗಳಿಗೆ ಆಟೋಕ್ಯಾಡ್ ಸಾಫ್ಟ್‌ವೇರ್‌ನಲ್ಲಿ ಡ್ರಾಯಿಂಗ್ ಮಾಡಿಕೊಡುವುದು ನನ್ನ ಕಸುಬು. ಇಬ್ಬರು ಹುಡುಗರಿದ್ದಾರೆ, ಮೂರು ಕಂಪ್ಯೂಟರ್ ಇವೆ.

ಆ ತಿಂಗಳು ಬಂದ ಕೆಲಸಗಳಲ್ಲಿ ಒಂದನ್ನು ಇಲ್ಲಿ ಪೂರ್ತಿ ಬರೆಯುತ್ತಿದ್ದೇನೆ. ಅದರಲ್ಲಿ ಆದ ತಪ್ಪು ದಿನಾ ಎಲ್ಲೋ ಒಂದು ಕಡೆ ಆಗುತ್ತಲೇ ಇರುತ್ತದೆ. ಮನೆ ಪ್ಲಾನ್ ಬರೆಯುವವರಿಗೂ, ಗೇಟಿನ ಜಾಲಿ ಕತ್ತರಿಸುವವರಿಗೂ, ತ್ರೀಡಿ ಪ್ರಿಂಟ್ ಮಾಡುವವರಿಗೂ ಆಗುತ್ತದೆ. ಪರದೆ ಮೇಲೆ ಆಕಾರ ಮುಚ್ಚಿದಂತೆ ಕಾಣುತ್ತದೆ, ಫೈಲಿನೊಳಗೆ ಮುಚ್ಚಿರುವುದಿಲ್ಲ. ಅಷ್ಟೇ ವಿಷಯ. ಆದರೆ ಆ ಅಷ್ಟೇ ವಿಷಯಕ್ಕೆ ನಮಗೆ ಅರ್ಧ ಶೀಟು ಹೋಯಿತು.

ಕೆಲಸ ಏನಿತ್ತು

ಚಿಕ್ಕಪೇಟೆಯ ಒಂದು ಹಳೇ ಬಟ್ಟೆ ಅಂಗಡಿ. ಮಾಲೀಕರಿಗೆ ಎಪ್ಪತ್ತರ ಹತ್ತಿರ ವಯಸ್ಸು. ಹೆಸರಿನ ಕೆಳಗೆ 'ಬಟ್ಟೆ ಅಂಗಡಿ' ಅನ್ನುವ ಎರಡು ಪದ ಬೇಕು, 1 ಅಡಿ ಎತ್ತರದ ಅಕ್ಷರ, 2 ಮಿಮೀ ದಪ್ಪದ 304 ಸ್ಟೇನ್‌ಲೆಸ್ ಸ್ಟೀಲ್. ಫಾಂಟ್ ಅಕ್ಷರ ತೋರಿಸಿದೆ, ಒಪ್ಪಲಿಲ್ಲ. "ಇವು ಬೇಡ ಕಣಪ್ಪ, ನಮ್ಮ ತಂದೆ ಕಾಲದಲ್ಲಿ ಬರೆಸಿದ ಬೋರ್ಡಿದೆ, ಅದೇ ಅಕ್ಷರ ಬರಬೇಕು" ಅಂದರು. ಗೋಡೌನಿನಿಂದ ತೆಗೆಸಿ ತೋರಿಸಿದರು. ತಗಡಿನ ಮೇಲೆ ಕುಂಚದಲ್ಲಿ ಬರೆದದ್ದು. ಎಂಥಾ ಕೈ ಅದು! 'ಅ' ಸುರುಳಿ ಒಂದೇ ಉಸಿರಲ್ಲಿ ಎಳೆದ ಹಾಗಿತ್ತು. 'ಅಂಗಡಿ'ಯ ಸೊನ್ನೆ ಪೂರ್ತಿ ದುಂಡಗಿರಲಿಲ್ಲ, ಸ್ವಲ್ಪ ಮೊಟ್ಟೆಯಾಕಾರ, ಎಡಕ್ಕೆ ತುಸು ವಾಲಿತ್ತು.

ಇದು ಮುಖ್ಯ. ಸೊನ್ನೆ ದುಂಡಗಿದ್ದಿದ್ದರೆ ಸರ್ಕಲ್ ಹಾಕಿ ಮುಗಿಸುತ್ತಿದ್ದೆವು. ಸರ್ಕಲ್ ಹುಟ್ಟುವಾಗಲೇ ಮುಚ್ಚಿದ ಆಕಾರ, ಅದರಲ್ಲಿ ತಪ್ಪು ಮಾಡಲು ಜಾಗವೇ ಇಲ್ಲ. ಮೊಟ್ಟೆಯಾಕಾರ ಅಂದ ತಕ್ಷಣ ತುಂಡು ತುಂಡು ಕಮಾನು ಜೋಡಿಸಬೇಕು.

ಬೋರ್ಡನ್ನು ನೆಟ್ಟಗೆ ನಿಲ್ಲಿಸಿ ಫೋಟೋ ತೆಗೆದು, ಆಟೋಕ್ಯಾಡ್‌ಗೆ ಇಮೇಜ್ ಆಗಿ ಸೇರಿಸಿ, ಅಳತೆಗೆ ಸ್ಕೇಲ್ ಮಾಡಿ, ಅದರ ಮೇಲೆ ಗೆರೆ ಎಳೆಯಲು ನಮ್ಮ ಹುಡುಗನಿಗೆ ಕೊಟ್ಟೆ. ಒಳ್ಳೆಯ ಹುಡುಗ, ಡಿಪ್ಲೊಮಾ ಮುಗಿಸಿ ಆರು ತಿಂಗಳಾಗಿತ್ತು. ಎರಡು ದಿನದಲ್ಲಿ ಲೈನ್ (ನೇರ ಗೆರೆ) ಮತ್ತು ಆರ್ಕ್ (ಕಮಾನು) ಬಳಸಿ ಎಲ್ಲ ಅಕ್ಷರ ಎಳೆದ. ಕಣ್ಣಿಗೆ ಬಹಳ ಚೆನ್ನಾಗಿತ್ತು. ಹ್ಯಾಚ್, ಅಂದರೆ ಆಕಾರದೊಳಗೆ ಬಣ್ಣ ತುಂಬುವ ಕಮಾಂಡ್, ಹಾಕಿ ತೋರಿಸಿದ. ಎಲ್ಲ ಅಕ್ಷರಕ್ಕೂ ಬಣ್ಣ ತುಂಬಿತು, ಎಲ್ಲೂ ತಕರಾರು ಬರಲಿಲ್ಲ. ಹ್ಯಾಚ್ ತುಂಬಿದರೆ ಆಕಾರ ಮುಚ್ಚಿದೆ ಅಂತಲೇ ಅರ್ಥ ಅಲ್ವಾ ಅಂತ ನಾನೂ ಒಪ್ಪಿದೆ. ಯಂತ್ರದ ಸಾಫ್ಟ್‌ವೇರ್ ಓದುವ ಡಿಎಕ್ಸ್‌ಎಫ್ ಫೈಲ್ ಮಾಡಿ ಶೆಡ್‌ಗೆ ಕಳಿಸಿದೆವು.

ಶೆಡ್‌ನಲ್ಲಿ ಆದದ್ದು

ಲೇಸರ್ ಕಟಿಂಗ್ ಹೇಗೆ ನಡೆಯುತ್ತದೆ ಅಂತ ಸ್ವಲ್ಪ ಹೇಳಬೇಕು, ಇಲ್ಲದಿದ್ದರೆ ಮುಂದಿನದು ಅರ್ಥ ಆಗುವುದಿಲ್ಲ. ಅಕ್ಷರಕ್ಕೆ ಹೊರಗೆರೆ ಇರುತ್ತದೆ, ಒಳಗೆ ತೂತು ಇದ್ದರೆ ಒಳಗೆರೆ ಇರುತ್ತದೆ. ಸೊನ್ನೆಗೆ ಎರಡೂ ಇವೆ. ಮೊದಲು ಒಳಗಿನದನ್ನು ಕತ್ತರಿಸಬೇಕು, ಹೊರಗಿನದು ಕೊನೆಗೆ. ಯಾಕೆಂದರೆ ಹೊರಗೆರೆ ಕತ್ತರಿಸಿದ ಕ್ಷಣ ಆ ತುಂಡು ಶೀಟಿನಿಂದ ಬಿಡುಗಡೆಯಾಗುತ್ತದೆ. ಕೆಳಗಿನ ಪಟ್ಟಿಗಳ ಮೇಲೆ ವಾಲಬಹುದು, ಜಾರಬಹುದು. ಆಮೇಲೆ ಅದರೊಳಗೆ ತೂತು ಹೊಡೆಯಲು ಹೋದರೆ ಕಥೆ ಮುಗಿಯಿತು.

ಇನ್ನೊಂದು ವಿಷಯ, ಲೇಸರ್ ಕಿರಣಕ್ಕೂ ಅಗಲ ಇದೆ. ತೆಳು ಶೀಟಿನಲ್ಲಿ 0.1, 0.2 ಮಿಮೀ ಲೋಹ ಕರಗಿ ಹೋಗುತ್ತದೆ. ಅಳತೆ ಸರಿ ಬರಬೇಕಾದರೆ ಕಿರಣ ಹೊರಗೆರೆಯಲ್ಲಿ ಅರ್ಧದಷ್ಟು ಆಚೆಗೆ, ಒಳಗೆರೆಯಲ್ಲಿ ಅರ್ಧದಷ್ಟು ತೂತಿನ ಕಡೆಗೆ ಸರಿದು ಹೋಗಬೇಕು. ಯಾವುದು ಒಳಗೆ, ಯಾವುದು ಹೊರಗೆ ಅಂತ ಸಾಫ್ಟ್‌ವೇರ್‌ಗೆ ಗೊತ್ತಾಗುವುದು ಗೆರೆ ಮುಚ್ಚಿದ್ದರೆ ಮಾತ್ರ. ತೆರೆದ ಗೆರೆಗೆ ಒಳಗೂ ಇಲ್ಲ, ಹೊರಗೂ ಇಲ್ಲ. ಅದು ಸುಮ್ನೆ ಒಂದು ಗೆರೆ.

ನಮ್ಮ ಸೊನ್ನೆಯ ಹೊರಗೆರೆ ಮುಚ್ಚಿತ್ತು. ಒಳಗೆರೆ ಮುಚ್ಚಿರಲಿಲ್ಲ. ಆ ಶೆಡ್‌ನ ಸಾಫ್ಟ್‌ವೇರ್ ಮುಚ್ಚಿದ ಆಕಾರಗಳನ್ನೆಲ್ಲ ಮೊದಲು ಸಾಲಿಗೆ ಹಾಕಿ, ತೆರೆದ ಗೆರೆಗಳನ್ನು ಕೊನೆಗೆ ತಳ್ಳಿತು. ತೆರೆದವು ಬೇರೆ ಬಣ್ಣದಲ್ಲಿ ಕಾಣುತ್ತವೆ, ಆಪರೇಟರ್ ನೋಡಬಹುದಿತ್ತು. ಆದರೆ ಆವತ್ತು ಅವರ ಮುಂದೆ ಹದಿನೈದು ಬೋರ್ಡು ಸಾಲಾಗಿ ನಿಂತಿದ್ದವು, ಅವರನ್ನು ದೂರುವುದರಲ್ಲಿ ಅರ್ಥವಿಲ್ಲ. ಸರಿಯಿರದ ಫೈಲು ಕೊಟ್ಟವನು ನಾನು.

ಸೊನ್ನೆಯ ಹೊರಗೆರೆ ಕತ್ತರಿಸಿತು, ತುಂಡು ಒಂದು ಕಡೆ ಎದ್ದು ನಿಂತಿತು. ಉಳಿದ ಅಕ್ಷರಗಳೆಲ್ಲ ಮುಗಿದ ಮೇಲೆ ಲೇಸರ್ ಹೆಡ್ ವಾಪಸ್ ಬಂದು ಸೊನ್ನೆಯ ಒಳಗೆ ಇಳಿಯಲು ಹೋಯಿತು. ಎದ್ದ ಅಂಚಿಗೆ ಹೆಡ್ ತುದಿಯ ನಾಝಲ್ ತಗುಲಿತು, ಯಂತ್ರ ನಿಂತಿತು. ನಾಝಲ್ ಹಿಂದಿನ ಸೆರಾಮಿಕ್ ರಿಂಗ್ ಒಡೆದಿತ್ತು. ಅದು ಅಲ್ಲೇ ಇಟ್ಟುಕೊಂಡಿರುವ ಬಿಡಿಭಾಗ, ಬದಲಾಯಿಸಿದರು. ಆದರೆ ಸೊನ್ನೆ ಹಾಳಾಗಿತ್ತು. 'ಡಿ' ನೋಡಿದರೆ ಅದರ ಒಂದು ಅಂಚು ಸುಟ್ಟು ಒರಟಾಗಿತ್ತು. ಅದರ ಕಥೆ ಬೇರೆ, ಮುಂದೆ ಹೇಳುತ್ತೇನೆ. 8 ಅಡಿಗೆ 4 ಅಡಿ ಶೀಟು, 2 ಮಿಮೀ ದಪ್ಪ ಅಂದರೆ ಸುಮಾರು 47 ಕೆಜಿ. ಅದರಲ್ಲಿ ಅರ್ಧ ಗುಜರಿಗೆ.

ಆಪರೇಟರ್ ಫೋನ್ ಮಾಡಿ ಒಂದೇ ಮಾತು ಹೇಳಿದರು. "ಸಾರ್, ನಿಮ್ಮ ಸೊನ್ನೆ ಓಪನ್ ಇದೆ."

ಎಲ್ಲಿ ತೆರೆದಿತ್ತು

ಫೈಲ್ ತೆರೆದು ಸೊನ್ನೆಗೆ ಝೂಮ್ ಮಾಡಿದೆವು. ಒಳಗೆರೆ ನಾಲ್ಕು ಆರ್ಕ್‌ಗಳಿಂದ ಆಗಿತ್ತು. ನಾಲ್ಕೂ ಮೂಲೆಯಲ್ಲಿ ತುದಿಗೆ ತುದಿ ಕೂತ ಹಾಗೇ ಕಾಣುತ್ತಿತ್ತು. ಹುಡುಗ ಡಿಸ್ಟೆನ್ಸ್ ಕಮಾಂಡ್ ಹಾಕಿ ಒಂದು ತುದಿಯಿಂದ ಇನ್ನೊಂದಕ್ಕೆ ಅಳೆದ. 0 ಅಂತ ಬಂತು. "ನೋಡಿ ಸರ್, ಗ್ಯಾಪೇ ಇಲ್ಲ" ಅಂದ.

ನನಗೂ ಒಂದು ಕ್ಷಣ ಏನೂ ತೋಚಲಿಲ್ಲ. ಆಮೇಲೆ ಯೂನಿಟ್ಸ್ ತೆರೆದೆ. ನಿಖರತೆ ದಶಮಾಂಶ ಇಲ್ಲದೆ ಬರೀ ಪೂರ್ಣ ಸಂಖ್ಯೆಗೆ ಇಟ್ಟಿತ್ತು. ಮನೆ ಪ್ಲಾನ್ ಮಾಡುವ ಟೆಂಪ್ಲೇಟಿನಲ್ಲಿ ಹಾಗೇ ಇಡುತ್ತೇವೆ, ಗೋಡೆಗೆ ಯಾರು ದಶಮಾಂಶ ನೋಡುತ್ತಾರೆ. ಅಂದರೆ ಅರ್ಧ ಮಿಮೀಗಿಂತ ಕಡಿಮೆ ಇರುವ ಅಂತರವೆಲ್ಲ 0 ಅಂತಲೇ ತೋರಿಸುತ್ತದೆ. ನಾಲ್ಕು ದಶಮಾಂಶಕ್ಕೆ ಬದಲಾಯಿಸಿ ಮತ್ತೆ ಅಳೆದೆವು: 0.0312 ಮಿಮೀ. ತಲೆಕೂದಲಿಗಿಂತ ಸಣ್ಣದು. ಇನ್ನೊಂದು ಮೂಲೆಯಲ್ಲಿ 0.2, ಮೂರನೆಯದರಲ್ಲಿ ನಿಜವಾಗಿಯೂ 0.

ಕಾರಣ ಸಿಕ್ಕಿತು. ಓ-ಸ್ನ್ಯಾಪ್ ಅಂತ ಒಂದಿದೆ, ಕರ್ಸರ್ ಗೆರೆಯ ತುದಿಯ ಹತ್ತಿರ ಬಂದರೆ ಸರಿಯಾಗಿ ಆ ತುದಿಗೇ ಕೂರಿಸುತ್ತದೆ. ಫೋಟೋ ಮೇಲೆ ಗೆರೆ ಎಳೆಯುವಾಗ ಓ-ಸ್ನ್ಯಾಪ್ ಹತ್ತಿರದ ಬೇರೆ ತುದಿಗೆ ಎಳೆಯುತ್ತದೆ, ಕಿರಿಕಿರಿ ಅಂತ ಹುಡುಗ ಎಫ್3 ಒತ್ತಿ ಆಫ್ ಮಾಡಿದ್ದ. ಆಮೇಲೆ ಕೆಲವು ಕಡೆ ಆನ್ ಮಾಡಿದ, ಕೆಲವು ಕಡೆ ಮರೆತ. ಓ-ಸ್ನ್ಯಾಪ್ ಇಲ್ಲದೆ ಕೈಯಿಂದ ಎರಡು ತುದಿ ಕೂಡಿಸುವುದು ಅಂದರೆ ಕಣ್ಣಿಗೆ ಕೂಡಿಸಿದ್ದೇವೆ ಅಷ್ಟೇ. 1963ರಲ್ಲಿ ಐವಾನ್ ಸದರ್ಲ್ಯಾಂಡ್ ಅಮೆರಿಕದ ಎಂಐಟಿಯಲ್ಲಿ ಸ್ಕೆಚ್‌ಪ್ಯಾಡ್ ಅನ್ನುವ ಕಂಪ್ಯೂಟರ್ ಡ್ರಾಯಿಂಗ್ ಪ್ರೋಗ್ರಾಂ ಮಾಡಿದಾಗಲೇ, ಪರದೆ ಮೇಲೆ ಬರೆಯುವ ಲೈಟ್ ಪೆನ್ನು ಒಂದು ಬಿಂದುವಿನ ಹತ್ತಿರ ಬಂದರೆ ಆ ಬಿಂದುವಿಗೇ ಹೋಗಿ ಕೂರುವ ಹಾಗೆ ಮಾಡಿದ್ದರು. ಮನುಷ್ಯನ ಕೈ ಸರಿಯಾಗಿ ಬಿಂದು ಮುಟ್ಟುವುದಿಲ್ಲ ಅಂತ ಆವತ್ತೇ ಗೊತ್ತಿತ್ತು.

ಆದರೆ ನನ್ನನ್ನು ಕಾಡಿದ್ದು ಬೇರೆ ಪ್ರಶ್ನೆ. ಹಾಗಾದರೆ ಹ್ಯಾಚ್ ಹೇಗೆ ತುಂಬಿತು?

ಸಾಮಾನ್ಯವಾಗಿ ಗೆರೆ ತೆರೆದಿದ್ದರೆ ಹ್ಯಾಚ್ ಒಪ್ಪುವುದಿಲ್ಲ. ಬೌಂಡರಿ ಸಿಗಲಿಲ್ಲ ಅನ್ನುತ್ತದೆ, ತೆರೆದ ತುದಿಗಳ ಸುತ್ತ ಕೆಂಪು ವೃತ್ತ ಹಾಕಿ ತೋರಿಸುತ್ತದೆ. ಬಹಳ ಉಪಯೋಗದ ಗುರುತು ಅದು. ಆದರೆ ಹ್ಯಾಚ್‌ಗೆ ಗ್ಯಾಪ್ ಟಾಲರೆನ್ಸ್ ಅಂತ ಒಂದು ಸೆಟ್ಟಿಂಗ್ ಇದೆ, ಎಚ್‌ಪಿ‌ಗ್ಯಾಪ್‌ಟಾಲ್ ಅಂತ ಟೈಪ್ ಮಾಡಿದರೆ ಸಿಗುತ್ತದೆ. ಅದು 0 ಇದ್ದರೆ ಸಂಪೂರ್ಣ ಮುಚ್ಚಿದ ಆಕಾರ ಬೇಕೇ ಬೇಕು. ಅದಕ್ಕೆ ಒಂದು ಅಂಕಿ ಕೊಟ್ಟರೆ ಅಷ್ಟು ಅಂತರದವರೆಗೆ ಇದ್ದೂ ಇಲ್ಲದ ಹಾಗೆ ನೋಡುತ್ತದೆ. ನಮ್ಮ ಆ ಕಂಪ್ಯೂಟರ್‌ನಲ್ಲಿ ಅದು 1 ಇತ್ತು. ಯಾವುದೋ ಮನೆ ಪ್ಲಾನಿನ ಗೋಡೆ ತುಂಬಿಸಲು ನಾನೇ ಎಂದೋ ಹಾಕಿದ್ದು. ಅದು ಒಂದು ಡ್ರಾಯಿಂಗ್‌ಗೆ ಮಾತ್ರ ಅಲ್ಲ, ಮುಂದಿನ ಫೈಲುಗಳಿಗೂ ಹಾಗೇ ಉಳಿಯುತ್ತದೆ. ತೆರೆದ ಬೌಂಡರಿ, ಮುಂದುವರಿಯಲಾ ಅಂತ ಒಂದು ಎಚ್ಚರಿಕೆ ಬರುತ್ತದೆ, ನಿಜ. ಅದರ ಕೆಳಗೆ 'ಯಾವಾಗಲೂ ಹೀಗೇ ಮಾಡು' ಅನ್ನುವ ಟಿಕ್ ಇದೆ. ಆ ಟಿಕ್ ಕೂಡ ನಾನೇ ಹಾಕಿಬಿಟ್ಟಿದ್ದೆ.

ಹೀಗಾಗಿ ಹುಡುಗ ಮಾಡಿದ ಪರೀಕ್ಷೆ ಪರೀಕ್ಷೆಯೇ ಆಗಿರಲಿಲ್ಲ. ಹ್ಯಾಚ್ ಬಣ್ಣ ತುಂಬಿತು, ಗೆರೆ ತೆರೆದೇ ಉಳಿಯಿತು. ಈ ಸೆಟ್ಟಿಂಗ್ ಬಗ್ಗೆ ನನ್ನ ಅಭಿಪ್ರಾಯ ನೇರವಾಗಿ ಹೇಳುತ್ತೇನೆ: ಕಾಗದದ ಮೇಲೆ ಪ್ರಿಂಟ್ ತೆಗೆಯುವ ಡ್ರಾಯಿಂಗ್‌ಗೆ ಪರವಾಗಿಲ್ಲ, ಯಂತ್ರಕ್ಕೆ ಹೋಗುವ ಡ್ರಾಯಿಂಗ್ ಮಾಡುವ ಕಂಪ್ಯೂಟರ್‌ನಲ್ಲಿ ಅದು 0 ಬಿಟ್ಟು ಬೇರೇನೂ ಇರಬಾರದು.

ಮುಚ್ಚಿದ್ದು ಹೇಗೆ

ಮೊದಲು ಪಿ-ಎಡಿಟ್, ಅಂದರೆ ತುಂಡು ಗೆರೆಗಳನ್ನು ಸೇರಿಸಿ ಒಂದೇ ಗೆರೆ (ಪಾಲಿಲೈನ್) ಮಾಡುವ ಕಮಾಂಡ್. ಕಮಾಂಡ್ ಕೊಟ್ಟು ಎಮ್ ಒತ್ತಿ ಮಲ್ಟಿಪಲ್ ಆರಿಸಿ, ಒಂದು ಅಕ್ಷರದ ಎಲ್ಲ ತುಂಡು ಆಯ್ಕೆ ಮಾಡಿ, ಪಾಲಿಲೈನ್ ಮಾಡಲಾ ಅಂದರೆ ಹೌದು ಅಂದು, ಜಾಯಿನ್ ಕೊಡಬೇಕು. ಆಗ ಫಝ್ ಡಿಸ್ಟೆನ್ಸ್ ಕೇಳುತ್ತದೆ, ಅಂದರೆ ಎಷ್ಟು ಅಂತರದ ತುದಿಗಳನ್ನು ಕೂಡಿಸಬಹುದು ಅಂತ. ನಾವು 0.25 ಕೊಟ್ಟೆವು. ಹುಡುಗ 5 ಕೊಟ್ಟುಬಿಡೋಣ, ಒಂದೇ ಸಲಕ್ಕೆ ಎಲ್ಲ ಕೂಡುತ್ತೆ ಅಂದ. ಅಲ್ಲಿ ತಡೆಯಬೇಕಾಯಿತು. 'ಬ' ಒಳಗೆ ಕುಂಚ ತಿರುಗುವ ಜಾಗದಲ್ಲಿ ಎರಡು ಗೆರೆ ನಡುವೆ ಬರೀ 3 ಮಿಮೀ ಸಂದು ಇದೆ, ಅದು ಅಕ್ಷರದ ಅಂದ. 5 ಕೊಟ್ಟರೆ ಆ ಸಂದಿನ ಅಕ್ಕಪಕ್ಕದ ತುದಿಗಳೂ ಕೂಡುವ ಅಪಾಯ ಇದೆ, ಯಾವ ತುದಿ ಯಾವುದಕ್ಕೆ ಸೇರಿತು ಅಂತ ಆಮೇಲೆ ಹುಡುಕುತ್ತಾ ಕೂರಬೇಕು. ಫಝ್ ಯಾವತ್ತೂ ಡ್ರಾಯಿಂಗಿನ ಅತಿ ಸಣ್ಣ ಸಂದಿಗಿಂತ ಬಹಳ ಕಡಿಮೆ ಇರಬೇಕು.

ಸೊನ್ನೆ, 'ಬ', 'ಟ್ಟೆ' ಮತ್ತು ಅದರ ಒತ್ತು ಇಷ್ಟಕ್ಕೇ ಸರಿಹೋದವು. (ಒತ್ತು ಬೇರೆಯೇ ಮುಚ್ಚಿದ ಆಕಾರ, ಮೇಲಿನ ಅಕ್ಷರಕ್ಕೆ ಅಂಟಿಕೊಂಡಿರುವುದಿಲ್ಲ. ಬೋರ್ಡಿನ ಹಿಂಬದಿಯ ಅಕ್ರಿಲಿಕ್ ಮೇಲೆ ಕೂರಿಸುವಾಗ ಅದರ ಜಾಗ ಗುರುತು ಹಾಕಿಕೊಳ್ಳದಿದ್ದರೆ ಆಮೇಲೆ ಒದ್ದಾಟ.)

'ಗ' ಜಾಯಿನ್ ಆಗಲೇ ಇಲ್ಲ. ಅಂತರ ಅಳೆದರೆ ಎಕ್ಸ್, ವೈ ಎರಡೂ ಒಂದೇ. ಪ್ರಾಪರ್ಟೀಸ್ ತೆರೆದು ನೋಡಿದರೆ ತಲೆಕಟ್ಟಿನ ಗೆರೆಗಳಿಗೆ ಝಡ್ ಬೆಲೆ 12 ಇತ್ತು! ಹ್ಯಾಚ್ ಹಾಕಿ ನೋಡಿದ ಮೇಲೆ ಹುಡುಗ 'ಗ' ತಲೆಕಟ್ಟನ್ನು ಹಳೇ ತ್ರೀಡಿ ಫೈಲಿನಿಂದ ಕಾಪಿ ಮಾಡಿ ತಂದು ಕೂರಿಸಿದ್ದ. ಮೇಲಿನಿಂದ ನೋಡಿದರೆ ತುದಿಗಳು ಮುಟ್ಟಿವೆ, ಪಕ್ಕದಿಂದ ನೋಡಿದರೆ ತಲೆಕಟ್ಟು 12 ಮಿಮೀ ಮೇಲೆ ತೇಲುತ್ತಿದೆ. ಲೇಸರ್‌ನ ಸಾಫ್ಟ್‌ವೇರ್ ಎಕ್ಸ್, ವೈ ಮಾತ್ರ ನೋಡಿದ್ದರಿಂದ ಅಲ್ಲಿ ತೊಂದರೆ ಆಗಿರಲಿಲ್ಲ, ಅದೃಷ್ಟ. ಝಡ್ ಬೆಲೆ ಎಲ್ಲ 0 ಮಾಡಿದ ತಕ್ಷಣ ಜಾಯಿನ್ ಆಯಿತು. ಈಗ ಓ-ಸ್ನ್ಯಾಪ್-ಝಡ್ ಅನ್ನುವ ಸೆಟ್ಟಿಂಗ್ 1 ಇಟ್ಟಿದ್ದೇವೆ. ತ್ರೀಡಿ ಬಿಂದುವಿಗೆ ಸ್ನ್ಯಾಪ್ ಆದರೂ ಎತ್ತರ ಮಾತ್ರ ನಮ್ಮ ಡ್ರಾಯಿಂಗ್‌ದೇ ಉಳಿಯುತ್ತದೆ.

'ಡಿ' ಅಂಚು ಸುಟ್ಟಿದ್ದು ಗೆರೆ ಮೇಲೆ ಗೆರೆ ಇದ್ದುದಕ್ಕೆ. ಗುಡಿಸು ಮತ್ತು 'ಡ' ಕೂಡುವ ಜಾಗದಲ್ಲಿ ಒಂದೇ ಕಮಾನು ಎರಡು ಸಲ ಬಿದ್ದಿತ್ತು. ಕಣ್ಣಿಗೆ ಒಂದೇ, ಯಂತ್ರಕ್ಕೆ ಎರಡು. ಹಾಗಾಗಿ ಅದೇ ದಾರಿಯಲ್ಲಿ ಎರಡು ಸಲ ಹೋಯಿತು. ಓವರ್‌ಕಿಲ್ ಕಮಾಂಡ್ ಹಾಕಿದರೆ ಇಂಥವನ್ನೆಲ್ಲ ಅದೇ ಹುಡುಕಿ ತೆಗೆಯುತ್ತದೆ. ಪಿ-ಎಡಿಟ್‌ಗಿಂತ ಮೊದಲೇ ಓವರ್‌ಕಿಲ್ ಮಾಡಬೇಕಿತ್ತು, ಆವತ್ತು ನಾವು ಉಲ್ಟಾ ಮಾಡಿ ಒಂದು ಗಂಟೆ ಕಳೆದುಕೊಂಡೆವು.

ಜಾಸ್ತಿ ಹೊತ್ತು ಹಿಡಿದದ್ದು 'ಅ'. ಲಿಸ್ಟ್ ಕಮಾಂಡ್ ಹಾಕಿದರೆ ಕ್ಲೋಸ್ಡ್ ಅಂತ ಬರುತ್ತಿತ್ತು. ಆದರೂ ರೀಜನ್ (ಮುಚ್ಚಿದ ಗೆರೆಯಿಂದ ಆಗುವ, ತಗಡಿನ ತುಂಡಿನ ಹಾಗೆ ತುಂಬಿದ ಆಕಾರ) ಮಾಡಲು ಹೋದರೆ ತಿರಸ್ಕರಿಸುತ್ತಿತ್ತು. ಸುರುಳಿಯ ತುದಿಯಲ್ಲಿ ಬಹಳ ಹತ್ತಿರ ಹೋಗಿ ನೋಡಿದಾಗ ಕಂಡದ್ದು: ಗೆರೆ ತನ್ನನ್ನೇ ದಾಟಿ, ಮೀನಿನ ಬಾಲದ ಹಾಗೆ ಒಂದು ಪುಟ್ಟ ಗಂಟು ಹಾಕಿಕೊಂಡಿತ್ತು. ಮುಚ್ಚಿದೆ, ಆದರೆ ಒಳಗೆ ಯಾವುದು ಹೊರಗೆ ಯಾವುದು ಅನ್ನುವುದು ಆ ಗಂಟಿನಲ್ಲಿ ಅದಲು ಬದಲಾಗಿದೆ. ಒಂದು ಬಿಂದು ಸರಿಸಿದ ಮೇಲೆ ಗಂಟು ಬಿಚ್ಚಿತು.

ಅದಕ್ಕೇ ನಮ್ಮ ಕೊನೆಯ ಪರೀಕ್ಷೆ ಈಗ ಹ್ಯಾಚ್ ಅಲ್ಲ, ರೀಜನ್. ಫೈಲಿನ ಒಂದು ಪ್ರತಿ ಮಾಡಿಕೊಂಡು, ಎಲ್ಲವನ್ನೂ ಆಯ್ಕೆ ಮಾಡಿ ರೀಜನ್ ಕೊಡುತ್ತೇವೆ. ಎಷ್ಟು ಗೆರೆ ಇರಬೇಕೋ ಅಷ್ಟು ರೀಜನ್ ಆದರೆ ಸರಿ, ಒಂದು ಕಡಿಮೆಯಾದರೂ ಹುಡುಕಬೇಕು. ಪ್ರತಿಯಲ್ಲೇ ಮಾಡಿ, ಯಾಕೆಂದರೆ ರೀಜನ್ ಸಾಮಾನ್ಯವಾಗಿ ಮೂಲ ಪಾಲಿಲೈನನ್ನು ಅಳಿಸಿಬಿಡುತ್ತದೆ. ಇನ್ನೊಂದು ಲಾಭ ಇದೆ: ಹೊರ ರೀಜನ್‌ನಿಂದ ಒಳ ರೀಜನ್ ಕಳೆದರೆ ಅಕ್ಷರದ ನಿಜವಾದ ವಿಸ್ತೀರ್ಣ ಸಿಗುತ್ತದೆ, 2 ಮಿಮೀ ಸ್ಟೇನ್‌ಲೆಸ್‌ಗೆ ಚದರ ಮೀಟರ್‌ಗೆ ಸುಮಾರು 16 ಕೆಜಿ ಹಿಡಿದರೆ ತೂಕವೂ ಬರುತ್ತದೆ. ಏರಿಯಾ ಕಮಾಂಡನ್ನು ಮಾತ್ರ ಮುಚ್ಚಿದೆಯೋ ಇಲ್ಲವೋ ಅಂತ ನೋಡಲು ನಂಬಬೇಡಿ. ತೆರೆದ ಪಾಲಿಲೈನ್ ಕೊಟ್ಟರೂ ಅದು ಮೊದಲ ಮತ್ತು ಕೊನೆಯ ಬಿಂದು ನಡುವೆ ನೇರ ಗೆರೆ ಇದೆ ಅಂದುಕೊಂಡು ವಿಸ್ತೀರ್ಣ ಕೊಟ್ಟುಬಿಡುತ್ತದೆ.

ಫೈಲಿನೊಳಗೆ ಒಂದು ಅಂಕಿ

ಹುಡುಗನಿಗೆ ಒಂದು ವಿಷಯ ಕಣ್ಣಾರೆ ತೋರಿಸಬೇಕು ಅನ್ನಿಸಿತು. ಒಂದು ಖಾಲಿ ಡ್ರಾಯಿಂಗ್‌ನಲ್ಲಿ ಎರಡು ಚೌಕ ಬರೆಸಿದೆ, ಎರಡೂ ಪಾಲಿಲೈನ್. ಮೊದಲನೆಯದರಲ್ಲಿ ಕೊನೆಯ ಗೆರೆಯನ್ನು ಸ್ನ್ಯಾಪ್ ಹಾಕಿ ಶುರುವಿನ ಬಿಂದುವಿಗೇ ತಂದು ಎಂಟರ್ ಒತ್ತಿದ. ಎರಡನೆಯದರಲ್ಲಿ ನಾಲ್ಕನೇ ಮೂಲೆಗೆ ನಿಲ್ಲಿಸಿ ಸಿ ಒತ್ತಿದ, ಅಂದರೆ ಕ್ಲೋಸ್. ಡಿಎಕ್ಸ್‌ಎಫ್ ಮಾಡಿ ನೋಟ್‌ಪ್ಯಾಡ್‌ನಲ್ಲಿ ತೆರೆದೆವು. ಡಿಎಕ್ಸ್‌ಎಫ್ ಬರೀ ಪಠ್ಯ, ಓದಲು ಬರುತ್ತದೆ. ಪಾಲಿಲೈನ್ ಹೆಸರಿನ ಕೆಳಗೆ 90 ಅಂತ ಒಂದು ಸಾಲು, ಅದರ ಕೆಳಗೆ ಬಿಂದುಗಳ ಸಂಖ್ಯೆ. ಆಮೇಲೆ 70 ಅಂತ ಒಂದು ಸಾಲು, ಅದರ ಕೆಳಗಿನ ಅಂಕಿ ನೋಡು ಅಂದೆ.

ಮೊದಲನೇ ಚೌಕಕ್ಕೆ ಬಿಂದು 5, 70ರ ಕೆಳಗೆ 0. ಎರಡನೆಯದಕ್ಕೆ ಬಿಂದು 4, 70ರ ಕೆಳಗೆ 1.

ಆ 1 ಇದ್ದರೆ ಮುಚ್ಚಿದೆ, 0 ಇದ್ದರೆ ಇಲ್ಲ. ಎರಡು ತುದಿ ಒಂದೇ ಜಾಗದಲ್ಲಿದ್ದರೆ ಕೆಲವು ಸಾಫ್ಟ್‌ವೇರ್‌ಗಳು ತಾವೇ ಅರ್ಥ ಮಾಡಿಕೊಂಡು ಮುಚ್ಚಿಕೊಳ್ಳುತ್ತವೆ, ಕೆಲವು ಮಾಡುವುದಿಲ್ಲ. ಯಾವ ಶೆಡ್‌ನಲ್ಲಿ ಯಾವುದಿದೆ ಅಂತ ನಾವು ಕೇಳುತ್ತಾ ಕೂರಲು ಆಗುತ್ತದಾ? ಮೊದಲನೇ ಚೌಕವನ್ನು ಪ್ರಾಪರ್ಟೀಸ್‌ನಲ್ಲಿ ಕ್ಲೋಸ್ಡ್ ಯೆಸ್ ಮಾಡಿದರೂ ಐದನೇ ಬಿಂದು ಅಲ್ಲೇ ಉಳಿದು, ಉದ್ದವೇ ಇಲ್ಲದ ಒಂದು ಗೆರೆ ಸೇರಿಕೊಳ್ಳುತ್ತದೆ. ಅದಕ್ಕೆ ಶುರುವಿನಿಂದಲೇ ಪಾಲಿಲೈನ್ ಹಾಕಿ, ಕೊನೆಯ ತುಂಡನ್ನು ಕೈಯಿಂದ ಎಳೆಯದೆ ಸಿ ಒತ್ತುವುದೇ ಒಳ್ಳೆಯದು. ಪಾಲಿಲೈನ್‌ನಲ್ಲಿ ಆರ್ಕ್ ಎಳೆಯುತ್ತಿರುವಾಗ ಸಿ ಸಾಲದು, ಸಿಎಲ್ ಒತ್ತಬೇಕು. ಆಗ ಮುಚ್ಚುವ ಕಮಾನು ಹಿಂದಿನ ತುಂಡಿನ ದಿಕ್ಕಿನಲ್ಲೇ ಹೊರಡುತ್ತದೆ, ಕೆಲವೊಮ್ಮೆ ಹೊಟ್ಟೆ ಉಬ್ಬಿದ ಹಾಗೆ ಬರುತ್ತದೆ, ನೋಡಿ ತಿದ್ದಬೇಕು.

ಸೊನ್ನೆ ಬರೆಯಲು ಡೋನಟ್ ಕಮಾಂಡ್ ಸುಲಭ ಅಂತ ಯಾರಾದರೂ ಹೇಳಿದರೆ ಕೇಳಬೇಡಿ. ಪರದೆ ಮೇಲೆ ದಪ್ಪ ಉಂಗುರ ಕಾಣುತ್ತದೆ, ಆದರೆ ಅದು ಅಗಲ ಕೊಟ್ಟ ಒಂದೇ ಪಾಲಿಲೈನ್. ಯಂತ್ರ ಉಂಗುರದ ನಟ್ಟನಡುವೆ ಒಂದು ಸುತ್ತು ಹೋಗುತ್ತದೆ, ಒಳಗೆರೆಯೂ ಇಲ್ಲ ಹೊರಗೆರೆಯೂ ಇಲ್ಲ.

ಆಮೇಲೆ

ಎರಡನೇ ಸಲ ಕತ್ತರಿಸುವಾಗ ನಾನೂ ಹುಡುಗನೂ ಶೆಡ್‌ನಲ್ಲೇ ನಿಂತಿದ್ದೆವು. ಇಂಪೋರ್ಟ್ ಆದಾಗ ತೆರೆದ ಗೆರೆಯ ಬಣ್ಣ ಒಂದೂ ಕಾಣಲಿಲ್ಲ. ಸೊನ್ನೆಯ ಒಳಗಿನ ತುಂಡು ಮೊದಲು ಟಣ್ ಅಂತ ಕೆಳಗೆ ಬಿತ್ತು, ಆಮೇಲೆ ಹೊರಗೆರೆ ಕತ್ತರಿಸಿತು. ಶೀಟಿನ ಖರ್ಚು ನಾನೇ ಕೊಟ್ಟೆ. ಮಾಲೀಕರ ಹತ್ತಿರ ಕೇಳಲಿಲ್ಲ, ಕೇಳುವಂತೆಯೂ ಇರಲಿಲ್ಲ.

ಬೋರ್ಡು ಏರಿದ ದಿನ ಅವರು ರಸ್ತೆ ಆಚೆ ಹೋಗಿ ನಿಂತು ನೋಡಿದರು. "ಸೊನ್ನೆ ಹಂಗೇ ವಾಲಿದೆ ನೋಡು" ಅಂದರು. ತುಂಬ ಹೊತ್ತು ಅಲ್ಲೇ ನಿಂತಿದ್ದರು.

ಕೆಲವು ತಿಂಗಳಾದ ಮೇಲೆ ಮತ್ತೆ ಫೋನ್ ಬಂತು. ಅಂಗಡಿ ಒಳಗೆ ಗಲ್ಲಾಪೆಟ್ಟಿಗೆ ಹಿಂದೆ ಅದೇ ಅಕ್ಷರ ಬೇಕು, 4 ಇಂಚು ಎತ್ತರ ಸಾಕು ಅಂತ. ಫೋಟೋ ಮತ್ತೆ ತೆಗೆಯಬೇಕಾಗಲಿಲ್ಲ. ಹುಡುಗ ಹಳೇ ಫೈಲ್ ತೆರೆದು, ಸ್ಕೇಲ್‌ನಲ್ಲಿ ರೆಫರೆನ್ಸ್ ಆರಿಸಿ 12ಕ್ಕೆ 4 ಕೊಟ್ಟ, ಪ್ರತಿ ಮಾಡಿಕೊಂಡು ರೀಜನ್ ಹಾಕಿ ಎಣಿಸಿದ, ಎಲ್ಲ ಇತ್ತು. 'ಬ' ಒಳಗಿನ 3 ಮಿಮೀ ಸಂದು ಈಗ 1 ಮಿಮೀ ಆಗಿತ್ತು, 2 ಮಿಮೀ ದಪ್ಪದಲ್ಲಿ ಅಷ್ಟು ಕಿರಿದಾದ ಸಂದಿನ ಅಂಚು ಬಿಸಿಗೆ ಹಾಳಾಗಬಹುದು ಅಂತ ಅವನೇ ಹೇಳಿ, 1 ಮಿಮೀ ಶೀಟ್ ಹಾಕೋಣ ಸರ್ ಅಂದ. ಹಾಗೇ ಮಾಡಿದೆವು.